ಎಡಗೈ

ಪೊಹಾಂಗ್, ರಾತ್ರಿ ಎರಡು.
ಕಿಟಕಿಯಾಚೆ ಉಕ್ಕಿನ ಕುಲುಮೆ ಆಕಾಶ ಕಾಯಿಸುತ್ತಿದೆ.
ಬೊಗ್ಯಂಗ್ ಇಟ್ಟ ಸೀಸೆಯಲ್ಲಿ ಚಿನ್ನದ ಬೀಜಗಳು
ಸಿಸ್ಟೀನ್ ಕುಡಿದು ಬೆಳೆಯುತ್ತ
ಎಡಕ್ಕೇ ತಿರುಚಿಕೊಳ್ಳುತ್ತವೆ, ಒಂದೂ ತಪ್ಪದೆ.

ಪಿಪೆಟ್ ಹಿಡಿದದ್ದೂ ಎಡಗೈ.
ಉಣ್ಣುವಾಗ ಅಜ್ಜಿ ಅದನ್ನು ಸೊಂಟಕ್ಕೆ ಕಟ್ಟುತ್ತಿದ್ದಳು.
ಅವರ ಮಾತಲ್ಲಿ ಬಲವೆಂದರೆ ಸರಿ;
ನಮ್ಮಲ್ಲಿ ಎಡದಿಂದಲೇ ಎಡವಟ್ಟು.

ಯಾರದೋ ಬೆನ್ನುಹುರಿಯ ನೀರು, ಒಂದು ಹನಿ.
ಹೆಸರಿಲ್ಲ, ಚೀಟಿಯ ಮೇಲೆ ಬರೀ ಸಂಖ್ಯೆ.
ಅಡ್ಡಾದಿಡ್ಡಿ ಮಡಿಚಿಕೊಂಡ ಪ್ರೋಟೀನೊಂದು
ಚಿನ್ನದ ತಿರುವಿಗೆ ಬಂದು ಒರಗಿದರೆ
ಸುರುಳಿ ಸುತ್ತಿ ಬರುವ ಬೆಳಕಿಗೆ ಗೊತ್ತಾಗುತ್ತದೆ.

ಪರದೆಯ ಗೆರೆ ಜರುಗಿತು.
ಕೂದಲೆಳೆಯಷ್ಟೂ ಅಲ್ಲ.
ಅವಳು ಕೈಗವಸು ತೆಗೆಯದೆ ಕೂತಳು.

ಭಾನುವಾರ, "ಯಾರಮ್ಮ ನೀನು?" ಎಂದು ಕೇಳುತ್ತಲೇ
ಅಜ್ಜಿ ಗಂಜಿಯ ಬಟ್ಟಲು ಮುಂದೆ ತಳ್ಳಿ
ಚಮಚ ಕೊಟ್ಟಿದ್ದಳು,
ಅವಳ ಎಡಗೈಗೆ.