ಏಳನೇ ರೀಲು

ಆ ಪಿಚ್ಚರನ್ನು ನಾನು ನೋಡಿದವಳಲ್ಲ.
ಕೇಳಿದ್ದೇನೆ, ಅಷ್ಟೆ.
ಭದ್ರಾವತಿಯ ಹಳೇ ಟಾಕೀಸು, ಹೆಂಗಸರ ಗೇಟು,
ಮುಗ್ಗಲು ವಾಸನೆಯ ಕರಿ ಪರದೆಗೆ ಬೆನ್ನು ಕೊಟ್ಟು
ಹರಿದ ಟಿಕೆಟ್ಟುಗಳನ್ನು ದಾರಕ್ಕೆ ಪೋಣಿಸುತ್ತ
ದಿನಕ್ಕೆ ಮೂರು ಸಲ, ಏಳು ವಾರ.

ಮೇಲೆ ಮೆಷಿನ್ ರೂಮಿನಲ್ಲಿ ನನ್ನ ಗಂಡ, ರುದ್ರೋಜಿ.
ನಡುವೆ ಹದಿನೇಳು ಮೆಟ್ಟಿಲು, ಒಂದು ಕರೆಗಂಟೆ.
ಒಂದು ಸಲ ಒತ್ತಿದರೆ, ಶುರು ಮಾಡು.
ಎರಡು ಸಲ ಒತ್ತಿದರೆ, ತಡಿ, ಜನ ಬರ್ತಿದಾರೆ.
ಆ ವರ್ಷ ನಮ್ಮ ಮಾತೆಲ್ಲ ಅಷ್ಟರಲ್ಲೇ ಮುಗಿಯುತ್ತಿತ್ತು.

ಕಪ್ಪು ಬಿಳುಪಿನ ಪಿಚ್ಚರು. ಅವನೊಬ್ಬ ವಕೀಲ,
ಅವಳು ಅವನ ಹೆಂಡತಿ. ಮಿಕ್ಕಂತೆ
ಒಂದು ಊಟದ ಮೇಜು, ಒಂದು ಗೋಡೆ ಗಡಿಯಾರ.
ಹಾಡು ಎರಡೇ. ಅದಕ್ಕೇ ಜನ ಬೈದರು,
ಬೈಯುತ್ತಲೇ ಮತ್ತೆ ಬಂದರು.
"ಉಪ್ಪು ಜಾಸ್ತಿಯಾಗಿದೆ" ಎಂದು ಅವನು ಶುರು ಮಾಡುವನು.
"ನಾಲಿಗೆ ನಿಮ್ಮದು" ಎನ್ನುವಳು ಅವಳು.
ಅಲ್ಲಿಂದ ಅವಳ ತೌರು, ಅವನ ತಾಯಿ, ಹುಟ್ಟದೇ ಹೋದ ಕೂಸು,
ಒಂದೊಂದನ್ನೇ ಪಾತ್ರೆಯ ಹಾಗೆ ಎತ್ತಿ ಎತ್ತಿ ಕುಕ್ಕುವರು.

ಕಾರ್ಖಾನೆ ಪಾಳಿ ಬಿಟ್ಟು
ಕೈಮಸಿ ತೊಳೆಯದೆ ಬಂದ ಗಂಡಸರು
ಬೀಡಿ ಹಚ್ಚುವುದನ್ನೂ ಮರೆತು ಕೂರುತ್ತಿದ್ದರು.
ಹೆಂಗಸರ ಕಡೆ ಯಾವಳಾದರೂ ಒಬ್ಬಳು ಅನ್ನುವಳು,
"ಹೇಳೇ, ಇನ್ನೂ ಒಂದು ಹೇಳೇ ಅವನಿಗೆ."

ಏಳನೇ ರೀಲಿನಲ್ಲಿ ಅವನು ಹೊಡೆಯುತ್ತಾನೆ.
ಮೊದಲ ದಿನ ಆ ಸದ್ದು ಪರದೆ ದಾಟಿ ಬಂದಾಗ
ನನ್ನ ಎಡಗೆನ್ನೆ ತಾನಾಗಿ ಬೆಚ್ಚಿತು.
ಯುಗಾದಿಯ ಹಿಂದಿನ ದಿನ, ಸೀಮೆಎಣ್ಣೆಯ ಸರದಿ,
ಎಲ್ಲೋ ಕಳೆದ ರೇಷನ್ ಕಾರ್ಡು.
ಬಿಡಿ.

ಎರಡನೇ ದಿನ ಸದ್ದು ಬರಲಿಲ್ಲ.
ಕುರ್ಚಿ ಸರಿಯಿತು, ಟಕ್ ಎಂದಿತೇನೋ,
ಆಮೇಲೆ ನೇರ ಅವಳ ಅಳು.
ಗಾಂಧಿ ಕ್ಲಾಸಿನಿಂದ ಶಿಳ್ಳೆ,
"ಆಪರೇಟರು ಮಲಗಿದಾನೆ, ಎಬ್ಬಿಸ್ರೋ!"
"ರೀಲು ತುಂಡಾಗಿತ್ತು ಸಾಹೇಬ್ರೇ, ಅಂಟಿಸಿದೆ" ಅಂದನಂತೆ ಇವನು.
ಎಂಟು ರೂಪಾಯಿ ಸಂಬಳದಲ್ಲಿ ಹಿಡಿದರು.
ಆ ರಾತ್ರಿಯೂ ಮನೆಯಲ್ಲಿ
ತಟ್ಟೆ ತಳ್ಳಿ, ಗೋಡೆ ಕಡೆ ಮುಖ ಮಾಡಿ ಮಲಗಿದ.

ಆರು ವರ್ಷದ ಮೇಲೆ, ನಾನು ಮನೆ ಬಿಟ್ಟ ದಿನ,
ಟ್ರಂಕಿನ ಬೀಗದ ಕೈ ಹುಡುಕುವಾಗ
ಕಾರ್ಬನ್ ಕಡ್ಡಿಯ ಡಬ್ಬಿಯಲ್ಲಿ ಸುರುಳಿ ಸುತ್ತಿಕೊಂಡಿತ್ತು,
ಗೇಣಿಗಿಂತ ಉದ್ದದ ಫಿಲ್ಮಿನ ಪಟ್ಟಿ.
ಕಿಟಕಿಗೆ ಹಿಡಿದು ಎಣಿಸಿದೆ. ಮೂವತ್ತಾರು ಚೌಕ.
ಇಪ್ಪತ್ನಾಲ್ಕಕ್ಕೆ ಒಂದು ಸೆಕೆಂಡು,
ಮದುವೆಯಾದ ಹೊಸದರಲ್ಲಿ ಅವನೇ ಕಲಿಸಿದ ಲೆಕ್ಕ.
ಫಿಲ್ಮಿನ ಮೇಲೆ ಸದ್ದು ಮುಂದಿರುತ್ತೆ ಕಣೇ,
ಚಿತ್ರ ಹಿಂದಿನಿಂದ ಬರುತ್ತೆ, ಅಂದಿದ್ದ.
ಎರಡನ್ನೂ ತೆಗೆಯಲು ಇಷ್ಟುದ್ದ ಕತ್ತರಿಸಬೇಕಾಯಿತು.

ಯಾರಿಗಾಗಿ ತೆಗೆದ? ಗೊತ್ತಿಲ್ಲ.
ಕೇಳಿದ್ದರೆ ಹೇಳುತ್ತಿದ್ದನೋ ಇಲ್ಲವೋ.
ಆ ಗಂಟೆಯನ್ನು ಒತ್ತುವವಳು ನಾನು, ಕೇಳುವವನು ಅವನು.
ಮೇಲಿನಿಂದ ಕೆಳಕ್ಕೆ ತಂತಿ ಎಳೆದಿರಲೇ ಇಲ್ಲ.

ಅವಳನ್ನು ಕಂಡಿದ್ದು ಅದೇ ಮೊದಲು, ಉಗುರಿನಷ್ಟು ಮುಖ.
ಕೈ ತಾಗುವ ಮೊದಲೇ ಕಣ್ಣು ಮುಚ್ಚಿದ್ದಾಳೆ.
ಅವನ ಬ್ಲೇಡಿನಿಂದಲೇ ಕೊಯ್ದು
ಅವಳೊಬ್ಬಳೇ ಇರುವ ನಾಲ್ಕು ಚೌಕವನ್ನು
ಸೆರಗಿನ ತುದಿಗೆ ಕಟ್ಟಿಕೊಂಡು
ತರೀಕೆರೆ ಬಸ್ಸು ಹತ್ತಿದೆ.

ಕೈ ಇದ್ದದ್ದೆಲ್ಲ ಡಬ್ಬಿಯಲ್ಲೇ ಬಿಟ್ಟೆ.
ಅದು ಅವನದು.