ಎಡಗೈ ಎತ್ತು

ಲಕ್ಕಣ್ಣ, ಆ ಲವಂಗ ಉಗುಳು ಮೊದಲು.
ಹದಿನೇಳು ದಿನ ಆಯ್ತು, ಎಣಿಸ್ತಾ ಇದೀನಿ.
ಪೀಣ್ಯದ ಪ್ರತಿ ಹಂಪಿಗೂ ಕನ್ನಡಿಯಲ್ಲಿ
ನಿನ್ನ ಎಡಗಣ್ಣು ತಾನಾಗೇ ಮುಚ್ಚಿಕೊಳ್ಳುತ್ತೆ.
ಅರವತ್ತು ಜನರ ಜೀವ ಒಂದು ದವಡೆಹಲ್ಲಿನ ಕೈಲಿ.

ಹೆದರಿಕೆ ಗೊತ್ತು ನಂಗೆ.
ನಾನೂ ಆ ಮೆಟ್ಟಿಲು ಹತ್ತಿ, ಅರ್ಧಕ್ಕೇ ಇಳಿದು ಬಂದೋಳು.
ಮತ್ತಿಕೆರೆ, ಕೀಲಿ ಮಾಡೋ ಅನ್ವರನ ಅಂಗಡಿ ಮೇಲೆ.
ಕೆಳಗೆ ಅವನು ಅರ ಹಿಡಿದು ತಿಕ್ಕೋದು,
ಮೇಲೆ ಡಾಕ್ಟರು ಅರ ಹಿಡಿದು ತಿಕ್ಕೋದು;
ಅವರದು ಕೂದಲೆಳೆಯಷ್ಟು ಸಣ್ಣ, ಅಷ್ಟೇ,
ಹಿಡಿಗೆ ಹಳದಿ, ಕೆಂಪು, ನೀಲಿ ಟೋಪಿ.

ಮೊದಲು ಎಕ್ಸ್‌ರೇ. ನನ್ನ ಹಲ್ಲನ್ನ ನಾನೇ ನೋಡಿದೆ:
ಬಿಳಿ ಪಂಚೆ ಉಟ್ಟು ಎರಡು ಕಾಲೂರಿ ನಿಂತಿತ್ತು,
ಒಂದು ಕಾಲ ಬುಡದಲ್ಲಿ ಕಪ್ಪು ಮಚ್ಚೆ.
"ಕೀವು ಅಲ್ಲಿದೆ" ಅಂದರು ಡಾಕ್ಟರ್ ಸೀಮಂತಿನಿ,
ನಾಳೆ ನಲ್ಲೀಲಿ ನೀರು ಬರಲ್ಲ ಅಂದಷ್ಟು ಸಲೀಸಾಗಿ.

ಸೂಜಿ? ಚುಚ್ಚುತ್ತೆ, ಸುಳ್ಳು ಹೇಳಲ್ಲ,
ಐದು ರೂಪಾಯಿ ಚಿಲ್ಲರೆ ಹುಡುಕೋಷ್ಟು ಹೊತ್ತು.
ಆಮೇಲೆ ತುಟಿ ನಿಂದಲ್ಲ, ಅರ್ಧ ನಾಲಿಗೆ ಪಕ್ಕದ ಮನೇದು.
ನಡುವೆ ತೂತಿರೋ ರಬ್ಬರ್ ಹಾಳೆ ಹಾಸ್ತಾರೆ;
ಇಡೀ ಬಾಯಲ್ಲಿ ಆ ಹಲ್ಲೊಂದೇ
ಟಿಕೆಟಿಲ್ಲದೆ ಸಿಕ್ಕಿಬಿದ್ದೋನ ಥರ ಎದ್ದು ನಿಲ್ಲುತ್ತೆ.

ಕೊರೆಯೋದು ನೋವಲ್ಲ, ಸದ್ದು.
ಮೆಟ್ರೋ ಕಂಬಕ್ಕೆ ನೆಲ ಕೊರೆದಾಗ
ನಮ್ಮ ಬಸ್ಸಿನ ಸರಳು ನಡುಗಲ್ವಾ, ಹಂಗೆ.
ಬ್ಲೀಚಿಂಗ್ ಪುಡಿ ವಾಸನೆ, ಡಿಪೋ ತೊಳೆದ ದಿನದ್ದು.
ಅರ ಇಳಿಸ್ತಾರೆ, ತೆಗೀತಾರೆ, ನೀರು ಹಾಯಿಸ್ತಾರೆ, ಮತ್ತೆ ಇಳಿಸ್ತಾರೆ.
ಒಂದು ಪುಟ್ಟ ಯಂತ್ರ ಕುಂಯ್ಗುಟ್ಟುತ್ತೆ: ಬೇರಿನ ತುದಿ ಬಂತು,
ಲಾಸ್ಟ್ ಸ್ಟಾಪು, ಎಲ್ಲಾ ಇಳೀರಿ.

ನರ ತೋರಿಸಿದರು, ಹತ್ತಿ ಮೇಲೆ.
ಕೆಂಪು ದಾರದ ಚೂರು. ಇಷ್ಟೇನಾ?
ನಡುರಾತ್ರಿ ಎಬ್ಬಿಸಿ
ಅಡುಗೆಮನೆಯ ತಣ್ಣನೆ ನೆಲಕ್ಕೆ ನನ್ನ ಕೆನ್ನೆ ಒತ್ತಿಸಿದ್ದು
ಇದೇನಾ?

ಒಂದೇ ದಿನಕ್ಕೆ ಮುಗಿಯಲ್ಲ.
ಮೊದಲ ವಾರ ಹಾಕೋ ಸಿಮೆಂಟು ನಮ್ಮ ರಸ್ತೆ ಗುಂಡಿ ಮುಚ್ಚಿದ ಹಾಗೆ,
ಅದರ ಮೇಲೆ ಚಕ್ಕುಲಿ ಕಡಿಬೇಡ.
ಮೂರನೇ ಸಲ ಊದುಬತ್ತಿ ಕಡ್ಡಿಯಂಥ ರಬ್ಬರು ತುಂಬಿ
ಜೀವ ತೆಗೆದ ಹಲ್ಲಿಗೆ ಕಿರೀಟ ಇಡ್ತಾರೆ.
ನಾನು ಲೋಹದ್ದೇ ಸಾಕು ಅಂದೆ.
ಹಿಂದಿನ ಸೀಟು ಯಾರಿಗೆ ಕಾಣುತ್ತೆ?

ಆವತ್ತು ಮಾತ್ರ ಡ್ಯೂಟಿಗೆ ಬರಬೇಡ.
ನಾನು ಬಂದಿದ್ದೆ, ನೆನಪಿದೆಯಾ,
ಯಶವಂತಪುರ ಅಂದರೆ ಬರೀ ಗಾಳಿ.
ಮುಂದಿನ ಸೀಟಿನ ಎನ್‌ಸಿಸಿ ಹುಡುಗಿ ಎದ್ದು
ಮಲ್ಲೇಶ್ವರದವರೆಗೂ ನನ್ನ ಬದಲು ಕೂಗಿದಳು.

ಇನ್ನೊಂದು ಮಾತು, ಯಾರಿಗೂ ಹೇಳಿಲ್ಲ.
ಶುರು ಮಾಡೋ ಮುಂಚೆ ಡಾಕ್ಟರು ಅಂದರು:
"ನೋವಾದ್ರೆ ಎಡಗೈ ಎತ್ತಿ, ನಿಲ್ಲಿಸ್ತೀನಿ."
ಒಳಗೇ ನಗು ಬಂತು. ಹನ್ನೊಂದು ವರ್ಷದಲ್ಲಿ
ಎಷ್ಟು ಎತ್ತಿದ ಕೈ ನೋಡಿದೀವಿ ನಾವು,
ಹಿಂದಿನ ಗಾಜಲ್ಲಿ ಚಿಕ್ಕದಾಗ್ತಾ, ಚಿಕ್ಕದಾಗ್ತಾ.
ನಿಜಾನಾ ಅಂತ ನೋಡೋಕೆ,
ನೋವಿಲ್ಲದಿದ್ದರೂ, ಎತ್ತಿದೆ.

ನಿಂತಿತು.
ಫ್ಯಾನು ಕೇಳಿಸ್ತು. ಕೆಳಗೆ ಅನ್ವರನ ಅರ ಕೇಳಿಸ್ತು.
"ಏನಾಯ್ತಮ್ಮ?"
ರಬ್ಬರಿನ ಹಿಂದೆ ಬಾಯಿ ಇಟ್ಟುಕೊಂಡು ಏನು ಹೇಳಲಿ?
ಕಣ್ಣು ಹರೀತಿತ್ತು. ನೋವು ಅಂದುಕೊಂಡು
ಇನ್ನೊಂದಿಷ್ಟು ಮದ್ದು ಕೊಟ್ಟರು ಪಾಪ.

ಗುರುವಾರ ಹನ್ನೊಂದಕ್ಕೆ ನಿನ್ನ ಹೆಸರು ಬರೆಸಿದೀನಿ.
ಟ್ರಿಪ್ ಶೀಟಿಗೆ ಸಹಿ ಹಾಕು, ನಡಿ.
ಸರ್ಕಲ್ ದಾಟಿದ ಮೇಲೆ ಆ ಮೀನಿನ ಬುಟ್ಟಿ ಮುದುಕಿ
ಸ್ಟಾಪಲ್ಲದ ಕಡೆ ಕೈ ಎತ್ತಿ ನಿಂತಿರ್ತಾಳಲ್ಲ,
ಸೀಟಿ ಊದ್ತೀನಿ ಇವತ್ತು.
ನಿಲ್ಲಿಸು.