ಬ್ಲೇಡು ಬೇಯುವ ಹೊತ್ತು

ಬ್ಲೇಡು ಬೇಕಮ್ಮ, ಅಂದೆ.
ಯಾರ ಗಡ್ಡಕ್ಕೆ? ಅಂದಳು.
ಕೈ ತೊಟ್ಟಿಯ ಕುದಿನೀರಲ್ಲೇ ಇತ್ತು,
ಗೂಡುಗಳ ಬೆನ್ನು ಸವರಿ ಎಳೆಯ ತುದಿ ಹುಡುಕುತ್ತ.

ಶಿಡ್ಲಘಟ್ಟದಲ್ಲಿ ಫ್ಲೋರ್‌ಬಾಲ್ ಅಂದರೆ
ಅರ್ಧ ಊರಿಗೆ ಹಾಕಿ,
ಉಳಿದರ್ಧಕ್ಕೆ ಕಸ ಗುಡಿಸುವ ಆಟ.
ತೂತು ತೂತಿನ ಬಿಳಿ ಚೆಂಡು,
ಹನ್ನೆರಡು ಗೂಡು ಸೇರಿದರೆ ಅದರ ತೂಕ;
ತಕ್ಕಡಿಯಲ್ಲಿ ಇಟ್ಟೇ ನೋಡಿದ್ದೇನೆ.

ಆಂಜಿನಪ್ಪ ಮೇಷ್ಟ್ರ ಚೀಲದಲ್ಲಿ ಉಳಿದಿದ್ದವು ಎರಡೇ.
ಕರಿಯದು ಗಟ್ಟಿ. ಉಗುರಲ್ಲಿ ತಟ್ಟಿದರೆ ಟಕ್ ಅನ್ನುತ್ತದೆ.
ಹೊಡೆದ ಚೆಂಡು ಹಿಂದೆ ತಿರುಗಿ ನೋಡುವುದಿಲ್ಲ,
ಆದರೆ ಪಾಸು ಬಂದರೆ
ಕೌಂಟರಿನಲ್ಲೇ ಕಾಗದ ವಾಪಸು ತಳ್ಳುವ ಗುಮಾಸ್ತನ ಹಾಗೆ.
ಹಳದಿಯದು ಮೆತ್ತಗೆ. ಬಂದ ಚೆಂಡು ಕೂತೇ ಬಿಡುತ್ತದೆ,
ಮಡಿಲಲ್ಲಿ ನಿದ್ದೆಹೋದ ಮಗು.
ಎಬ್ಬಿಸಿ ಗೋಲಿಗೆ ಕಳಿಸುವಷ್ಟರಲ್ಲಿ
ಚಿಂತಾಮಣಿಯ ಹುಡುಗಿಯರು ಸುತ್ತ ಕವಿದಿರುತ್ತಾರೆ.

ನಸ್ರೀನ್ ಅಂದಳು: ಗಟ್ಟೀದೇ ತಗೊ, ನೀನು ಮುಂದೆ ಆಡೋಳು.
ಗಂಗರತ್ನ ಅಂದಳು: ಹೊಡೆಯೋಕೆ ಮುಂಚೆ
ಚೆಂಡು ನಿನ್ನ ಹತ್ರ ಇರಬೇಕಲ್ಲ ಕಣೇ.
ಇಬ್ಬರದೂ ನಿಜ.
ಇಬ್ಬರ ಬ್ಲೇಡೂ ಎಡಕ್ಕೆ ಬಾಗಿದವು, ನನ್ನದು ಬಲದ ಕೈ;
ಸಾಲ ಕೊಡಲು ಅವರ ಹತ್ತಿರ ಇದ್ದದ್ದು ಮಾತು ಮಾತ್ರ.

ಮೂರು ರಾತ್ರಿ ಎರಡೂ ದಿಂಬಿನ ಕೆಳಗಿದ್ದವು.
ನಾಲ್ಕನೆಯ ದಿನ ಹಳದಿಯದನ್ನು ಹಿಡಿದು
ಇಮ್ದಾದ್ ಸಾಬರ ಫಿಲೇಚರಿಗೆ ಹೋದೆ,
ಕರೆಂಟು ಹೋಗಿ ರಾಟೆಗಳು ನಿಂತ ಹೊತ್ತು.
ಇದನ್ನ ಬಗ್ಗಿಸಬೇಕು, ತುದಿಗೆ ಕೊಕ್ಕೆ ಬರಬೇಕು.

ಅಮ್ಮ ಏನೂ ಕೇಳಲಿಲ್ಲ. ಬೇಯಿಸುವ ವಿಷಯ ಅವಳದು.
ತೊಟ್ಟಿಗೆ ಅದ್ದಿ ಎಣಿಸತೊಡಗಿದಳು
(ನಮ್ಮಲ್ಲಿ ಮಾತು ಕನ್ನಡ, ಲೆಕ್ಕ ತೆಲುಗು)
ಒಕಟಿ, ರೆಂಡು, ಮೂಡು...
ಇರವೈ ದಾಟಿದ ಮೇಲೆ ಎತ್ತಿ,
ಬಟ್ಟೆಯಿಲ್ಲ ಏನಿಲ್ಲ, ಬರಿಗೈಯಲ್ಲಿ
ಹೆಬ್ಬೆರಳಿಟ್ಟು ಒತ್ತಿದಳು.
ನಾನಾಗಿದ್ದರೆ ಕಿರುಚುತ್ತಿದ್ದೆ.
ಅವಳ ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿಲ್ಲ;
ರೇಷನ್ ಅಂಗಡಿಯ ಯಂತ್ರ ಎರಡು ಸಲ
ನೀನು ಯಾರೂ ಅಲ್ಲ ಎಂದು ಕಳಿಸಿದೆ.
ಪ್ಲಾಸ್ಟಿಕ್ಕು ಹಾಗನ್ನಲಿಲ್ಲ, ಬಾಗಿತು.

ಇನ್ನೊಂಚೂರು, ಅಂದೆ. ಇನ್ನೊಂಚೂರು ಒತ್ತಿದಳು.
ಆಸೆ ನನ್ನದು.
ತಣ್ಣೀರಿಂದ ತೆಗೆದರೆ ಬ್ಲೇಡಲ್ಲ, ಸಾರಿನ ಸೌಟು.
ಮೇಷ್ಟ್ರು ಸ್ಕೇಲ್ ಇಟ್ಟರು:
ಮೂವತ್ತು ಮಿಲಿಮೀಟರ್ ಮೀರಿದರೆ ಅಂಕಣದೊಳಗೆ ಬಿಡಲ್ಲಮ್ಮಣ್ಣಿ.
ಮೂವತ್ತೇಳಿತ್ತು.

ಮತ್ತೆ ಫಿಲೇಚರು. ಮತ್ತೆ ಒಕಟಿ, ರೆಂಡು.
ಈ ಸಲ ನನ್ನ ಮುಖ ನೋಡದೆ ಅವಳೇ ನಿಲ್ಲಿಸಿದಳು.
ಜಾಸ್ತಿ ಬೆಂದರೆ ಎಳೆ ಕಿತ್ತು ಬರುತ್ತೆ,
ಕಮ್ಮಿ ಬೆಂದರೆ ಗೂಡು ಬಿಟ್ಟುಕೊಡಲ್ಲ.
ನಿಂದೇನು, ಬೇರೆಯಾ?

ಇಪ್ಪತ್ತೆಂಟು.

ಈಗ ಸಂಜೆ ಹರಾಜು ಮುಗಿದ ಗೂಡು ಮಾರುಕಟ್ಟೆಯ
ಸಿಮೆಂಟು ನೆಲದಲ್ಲಿ ಆಡುತ್ತೇವೆ.
ಕರಿಯದರ ವೇಗ ಇದಕ್ಕಿಲ್ಲ, ಸುಳ್ಳು ಹೇಳಲಾರೆ.
ಚೆಂಡು ಒಂದು ಕ್ಷಣ ಕೂರುತ್ತದೆ,
ಆಮೇಲೆ ಮಣಿಕಟ್ಟು ತಿರುಗಿಸಿದರೆ
ನೆಲ ಬಿಟ್ಟು ಏಳುತ್ತದೆ.
ಬ್ಲೇಡಿನಿಂದ ಹುಳುವಿನ ವಾಸನೆ ಇನ್ನೂ ಹೋಗಿಲ್ಲ.
ನಸ್ರೀನ್ ಮೂಗು ಮುಚ್ಚಿಕೊಂಡು ಪಾಸು ಕೊಡುತ್ತಾಳೆ,
ಅವಳಪ್ಪನೂ ರೀಲರೇ, ಬರೀ ನಾಟಕ.

ಬಿಸಿಲಿಗಿಟ್ಟರೆ ಇದು ಮೆಲ್ಲಗೆ
ತನ್ನ ಹಳೆಯ ಆಕಾರಕ್ಕೆ ಜಾರುತ್ತದಂತೆ.
ಭಾನುವಾರ ಚಿಂತಾಮಣಿಯವರು ಬರುತ್ತಾರೆ.
ಶನಿವಾರ ಅಮ್ಮನ ಕೊನೆಯ ತೊಟ್ಟಿ ಆರುವ ಮೊದಲು
ಇನ್ನೊಂದು ಸಲ ಹೋಗಿಬರಬೇಕು.